ಈಸ್ಟರ್ ಹಬ್ಬಕ್ಕೆ 50 ದಿನ
ಈಸ್ಟರ್ ಮುಗೀತು ಅಂದ್ಕೊಂಡ್ರಾ? ಚರ್ಚಿನ ಲೆಕ್ಕದಲ್ಲಿ ಈ ಹಬ್ಬ ಪೆಂಟೆಕೋಸ್ಟ್‌ವರೆಗೂ ಇದೆ, 50 ದಿನ!

ಈ ಹಬ್ಬವನ್ನು ಎರಡು ಬಗೆಯಲ್ಲಿ ಆಚರಿಸುವ ಸೀಮೆಯೊಂದಿದೆ. ಕೊಪ್ಪ, ಶೃಂಗೇರಿ ಕಡೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರಿದ್ದಾರೆ. ಎನ್.ಆರ್.ಪುರದಲ್ಲಿ ಕೇರಳ ಮೂಲದ ಸಿರೋ ಮಲಬಾರ್ ಚರ್ಚಿನ ಕುಟುಂಬಗಳು. ಸೀಮೆ ಒಂದೇ, ಧರ್ಮಪ್ರಾಂತ್ಯ ಎರಡು: ಕೊಂಕಣಿಗರದು 1963ರಲ್ಲಿ ಆದ ಚಿಕ್ಕಮಗಳೂರು, ಸಿರೋ ಮಲಬಾರಿನವರದು 2007ರಲ್ಲಿ ಆದ ಭದ್ರಾವತಿ.

ಮಲಯಾಳಿ ಮನೆಗಳಲ್ಲಿ ಪವಿತ್ರ ಗುರುವಾರ ರಾತ್ರಿ ಹುಳಿ ಬರಿಸದ ಪೆಸಹಾ ಅಪ್ಪ; ಮನೆ ಯಜಮಾನರೇ ಮುರಿದು ಹಂಚಬೇಕು. ಕೊಂಕಣಿಗರ ಚರ್ಚ್ ಅಂಗಳದಲ್ಲಿ ಶನಿವಾರ ರಾತ್ರಿ ಹೊಸ ಬೆಂಕಿ. ಅದರಿಂದ ಹೊತ್ತಿಸುವ ಪಾಸ್ಕ ಮೇಣದಬತ್ತಿ ಮೇಲೆ ಶಿಲುಬೆ, ಆ ವರ್ಷದ ಅಂಕಿ, ಯೇಸುವಿನ ಐದು ಗಾಯಗಳಿಗೆ ಐದು ಧೂಪದ ಕಾಳು.

ಈಸ್ಟರ್ ನಂತರದ ಭಾನುವಾರ ಸಂತ ತೋಮನ ಕಥೆ. ಯೇಸು ಎದ್ದು ಬಂದದ್ದನ್ನು ಗಾಯ ಮುಟ್ಟದೆ ನಂಬಲ್ಲ ಅಂದವನು! ಯೇಸು ಅವನನ್ನು ಹೊರಗಟ್ಟಲಿಲ್ಲ, ಕೈ ಚಾಚು ಅಂದರು. ಇಡೀ ಹಬ್ಬದಲ್ಲಿ ನನಗೆ ಹಿಡಿಸೋದೇ ಈ ಭಾಗ. ಎನ್.ಆರ್.ಪುರದ ಮಲಯಾಳಿಗಳಿಗಂತೂ ತೋಮ ಮನೆಯವನೇ. ಪೂರ್ವಜರಿಗೆ ದೀಕ್ಷೆ ಕೊಟ್ಟವನು ಅವನೇ ಅನ್ನೋದು ಅವರ ನಂಬಿಕೆ.