ಜಲಶೋಧಕದ್ರವ್ಯಗಳಲ್ಲಿ ವಿಕಲ್ಪವೂ ಸಮುಚ್ಚಯವೂ

ಮನೆಯೊಳಗೆ ಈಜುಕೊಳವನ್ನು ಕಟ್ಟಿಸಿಕೊಳ್ಳುವ ವಾಡಿಕೆಯು ನಮ್ಮ ಸೀಮೆಗೆ ಹೊಸದು. ಮನೆಯ ಮಗ್ಗುಲಲ್ಲಿ ಕೆರೆಯನ್ನು ತೋಡಿಸುವುದು ಮಾತ್ರ ಬಹು ಹಳೆಯದು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳೊಡನೆ ಹದಿನೆಂಟು ಕೆರೆಗಳನ್ನೂ ಎಣಿಸುವ ಮಾತು ಇಂದಿಗೂ ಕೇಳಬರುತ್ತದೆ. ಕೆರೆಗೆ ಒರತೆಯುಂಟು, ಬಿಸಿಲುಂಟು, ಮೀನುಂಟು. ಮಾಡಿನ ಕೆಳಗಣ ಕೊಳಕ್ಕೆ ಇವೊಂದೂ ಇಲ್ಲ. ಅದೇ ನೀರು ತಿಂಗಳುಗಟ್ಟಲೆ ಪಂಪಿನಿಂದ ತಿರುಗುತ್ತಿರುವುದಾದಕಾರಣ, ಅದರ ರೋಗಬೀಜಗಳನ್ನು ಕೊಲ್ಲುವುದಕ್ಕೆ ದ್ರವ್ಯವೊಂದೇ ಗತಿ. ಆ ದ್ರವ್ಯವನ್ನು ಬಿಟ್ಟು ಮತ್ತೊಂದನ್ನು ಹಿಡಿಯುವಾಗ ಹೇಗೆ ನಡೆಯತಕ್ಕುದು ಎಂಬುದೇ ಈ ಲೇಖನದ ವಿಷಯ. ಸಾಹಿತ್ಯಾಭ್ಯಾಸಿಗಳ ಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ವಾಚಕರು ಶಂಕಿಸಬಹುದು. ನಾನು ಕಂಡ ಅನರ್ಥವು ಹುಟ್ಟಿದುದು ಒಂದು ಶಬ್ದದಿಂದ. ಆದುದರಿಂದ ಶಬ್ದವಿಚಾರ ಮಾಡುವವರಿಗೂ ಇಲ್ಲಿ ಅಧಿಕಾರವುಂಟು.

ಬಂಟ್ವಾಳದ ಕಡೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದಾಗ, ಅವನು ತನ್ನ ಕೊಳದ ಮದ್ದನ್ನು ಬದಲಾಯಿಸುತ್ತಿದ್ದನು. ಹಳೆಯದು ಬಿಳಿಯ ಬಿಲ್ಲೆ, ಹೊಸದು ಬಿಳಿಯ ಹರಳುಪುಡಿ. ಎರಡು ಡಬ್ಬಿಗಳ ಮೇಲೂ ‘ಕ್ಲೋರಿನ್’ ಎಂದೇ ದಪ್ಪಕ್ಷರಗಳಲ್ಲಿ ಬರೆದಿತ್ತು. ಕೆಲಸದ ಹುಡುಗನು, ಹೆಸರು ಒಂದೇ ಆದಮೇಲೆ ವಸ್ತುವೂ ಒಂದೇ ಎಂದು ಬಗೆದು, ಉಳಿದಿದ್ದ ಬಿಲ್ಲೆಯ ಚೂರುಗಳಿದ್ದ ಬಕೆಟಿಗೆ ಹೊಸ ಪುಡಿಯನ್ನು ಸುರಿದನು. ಬಕೆಟಿನ ತಳ ಒದ್ದೆಯಾಗಿತ್ತು. ಬುಸುಗುಟ್ಟುವ ಶಬ್ದ, ಹಳದಿಯ ಹೊಗೆ, ಉಸಿರು ಕಟ್ಟಿಸುವ ಘಾಟು! ಬಾಗಿಲುಗಳು ತೆರೆದಿದ್ದುದರಿಂದಲೂ ಎಲ್ಲರೂ ಹೊರಕ್ಕೆ ಓಡಿದುದರಿಂದಲೂ ಯಾರಿಗೂ ಹಾನಿಯಾಗಲಿಲ್ಲ. “ಎರಡೂ ಕ್ಲೋರಿನ್ ಅಲ್ಲವೇ ಅಯ್ಯನವರೇ?” ಎಂದು ಆ ಹುಡುಗನು ಆಮೇಲೆ ಕೇಳಿದ ಪ್ರಶ್ನೆಯು ನನ್ನನ್ನು ಬಹುದಿನ ಬಿಡಲಿಲ್ಲ.

ಶಬ್ದವನ್ನೇ ಮೊದಲು ನೋಡೋಣ. ಷೀಲೆಯು 1774ರಲ್ಲಿ ಕಂಡುಹಿಡಿದ ವಾಯುವಿಗೆ ಡೇವಿಯು 1810ರಲ್ಲಿ, ಹಸುರು ಮಿಶ್ರವಾದ ಹಳದಿಯೆಂಬ ಅರ್ಥದ ಗ್ರೀಕ್ ಪದದಿಂದ ಕ್ಲೋರಿನ್ ಎಂದು ಹೆಸರಿಟ್ಟನು. ಇಂದು ಅಂಗಡಿಯಲ್ಲಿ ಆ ಹೆಸರಿನಿಂದ ದೊರೆಯುವುದು ಆ ವಾಯುವಲ್ಲ. ನೀರಿನಲ್ಲಿ ಅದರ ಗುಣವನ್ನು ಬಿಟ್ಟುಕೊಡುವ, ಪರಸ್ಪರ ಭಿನ್ನವಾದ ಹಲವು ಸಂಯುಕ್ತಗಳು. ಬಿಲ್ಲೆಯು ಟ್ರೈಕ್ಲೋರ್: ಆಮ್ಲಸ್ವಭಾವದ್ದು, ಅದರಲ್ಲಿ ಉಪಯುಕ್ತ ಕ್ಲೋರಿನ್ ಶೇಕಡಾ 90ರಷ್ಟು. ಹರಳುಪುಡಿಯು ಕ್ಯಾಲ್ಸಿಯಂ ಹೈಪೋಕ್ಲೋರೈಟ್: ಕ್ಷಾರಸ್ವಭಾವದ್ದು, ಶೇಕಡಾ 65ರಿಂದ 70. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರು ಇದರ ದುರ್ಬಲ ಸೋದರ, ಶೇಕಡಾ 33ರ ಸುಮಾರು. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟು ಶೇಕಡಾ 10ರಿಂದ 12. ನಮ್ಮ ಸೆಕೆಯಲ್ಲಿ ದಿನೇದಿನೇ ಶಕ್ತಿಗುಂದುವಂಥದು. ಟ್ರೈಕ್ಲೋರೂ ಹೈಪೋಕ್ಲೋರೈಟೂ ತುಸು ತೇವದಲ್ಲಿ ಕೂಡಿದರೆ ವಿಷವಾಯು ಹುಟ್ಟುವುದು. ಬೆಂಕಿಯೂ ಸ್ಫೋಟವೂ ಆಗಬಹುದು. ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರಾಗುವ ನಮ್ಮ ನಾಡಿನಲ್ಲಿ ತುಸು ತೇವಕ್ಕೆ ಕೊರತೆಯೆಲ್ಲಿ?

ಮೀಮಾಂಸಕರು ಇಂಥ ಸ್ಥಳಕ್ಕೆ ಒಪ್ಪುವ ವಿವೇಕವನ್ನು ಎಂದೋ ಹೇಳಿದ್ದಾರೆ. ಯಾಗಕ್ಕೆ ವ್ರೀಹಿಯೂ ವಿಹಿತ, ಯವವೂ ವಿಹಿತ. ಎರಡರ ಪ್ರಯೋಜನವೂ ಪುರೋಡಾಶವೊಂದೇ ಆದುದರಿಂದ ಅಲ್ಲಿ ವಿಕಲ್ಪವಲ್ಲದೆ ಸಮುಚ್ಚಯವಿಲ್ಲ. ವ್ರೀಹಿಯಿಂದ ತೊಡಗಿದವನು, ನಡುವೆ ಅದು ಕೆಟ್ಟರೂ ಯವಕ್ಕೆ ಹಾರದೆ, ವ್ರೀಹಿಗೆ ಸದೃಶವಾದ ನೀವಾರವನ್ನೇ ತರಬೇಕು. ಕೊಳದ ಮದ್ದುಗಳೂ ಹಾಗೆಯೇ ಏಕಪ್ರಯೋಜನವುಳ್ಳವು: ಒಂದರ ಪ್ರಯೋಗವನ್ನು ಸಂಪೂರ್ಣವಾಗಿ ಮುಗಿಸಿಯೇ ಮತ್ತೊಂದನ್ನು ಆರಂಭಿಸತಕ್ಕುದು. ದೃಷ್ಟಾಂತವು ಇಷ್ಟಕ್ಕೇ ನಿಲ್ಲುವುದು. ಅಲ್ಲಿ ಲೋಪವಾದರೆ ಪ್ರಾಯಶ್ಚಿತ್ತವುಂಟು, ಇಲ್ಲಿ ಶ್ವಾಸಕೋಶಕ್ಕೆ ಪ್ರಾಯಶ್ಚಿತ್ತವಿಲ್ಲ.

ಪ್ರಾಚೀನರ ಜಲಶೋಧನವನ್ನು ಇದರೊಡನೆ ಬೆರಸಬಾರದು. ಸುಶ್ರುತದಲ್ಲಿ ಕಲುಷಜಲದ ಪ್ರಸಾದನಕ್ಕಾಗಿ ಹೇಳಿರುವ ಏಳು ದ್ರವ್ಯಗಳಲ್ಲಿ ಕತಕವು, ಎಂದರೆ ಚಿಲ್ಲದ ಬೀಜವು, ಮುಖ್ಯವಾದುದು. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲದಲ್ಲೂ ಬಾವಿಗೆ ಹಾಕುವ ಚೂರ್ಣದಲ್ಲಿ ಕತಕವುಂಟು. ಅದು ಕದಡನ್ನು ಇಳಿಸಿ ನೀರನ್ನು ತಿಳಿಮಾಡುತ್ತದೆ. ತಿಳಿಯಾದ ನೀರೆಲ್ಲ ನಿರ್ದೋಷವೆಂದು ಇಂದು ಹೇಳಲಾಗದು. ಮೂಡುಬಿದಿರೆಯ ಜೈನಗೃಹಸ್ಥರು ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಜೋಪಾನವಾಗಿ ಮರಳಿಸುವ ಆಚಾರವನ್ನು ಪಾಲಿಸಿಕೊಂಡು ಬಂದವರು. ಅವರ ದೃಷ್ಟಿಯಲ್ಲಿ ನಮ್ಮ ಈ ಚರ್ಚೆಯೇ ಬೇರೊಂದು ಬಗೆಯಾಗಿ ಕಂಡೀತು. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಇನ್ನು ಬಿಲ್ಲೆಯನ್ನು ಬಿಡಬೇಕಾದುದೇಕೆ? ಟ್ರೈಕ್ಲೋರು ಕ್ಲೋರಿನ್ನನ್ನು ಬಿಟ್ಟುಕೊಟ್ಟ ಮೇಲೆ ಸಯನ್ಯೂರಿಕ್ ಆಮ್ಲವು ನೀರಿನಲ್ಲಿ ಉಳಿಯುತ್ತದೆ. ಬಯಲಿನ ಕೊಳದಲ್ಲಿ ಇದು ಉಪಕಾರಿ. ಬಿಸಿಲಿನಿಂದ ಕ್ಲೋರಿನ್ ನಾಶವಾಗದಂತೆ ಅದನ್ನು ಹಿಡಿದಿಡುವುದು. ಮಾಡಿನ ಕೆಳಗೆ ಬಿಸಿಲೇ ಇಲ್ಲದಿರುವಾಗ ಆ ಹಿಡಿತವು ಬರಿಯ ಬಂಧನ: ಕ್ಲೋರಿನ್ನಿನ ಕೊಲ್ಲುವ ಶಕ್ತಿ ಕುಗ್ಗುವುದೊಂದೇ ಫಲ. ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ನನ್ನು ಬಿಲ್ಲೆಯಿಂದ ಕೊಟ್ಟರೆ ಈ ಆಮ್ಲವು ಸುಮಾರು 6 ಮಿಲಿಗ್ರಾಂ ಏರುವುದು. ದಿನಕ್ಕೆ 1 ಮಿಲಿಗ್ರಾಮಿನಂತೆ ಹಾಕುತ್ತ ಬಂದರೆ ನೂರು ದಿನಗಳಲ್ಲಿ ಅದು 60ಕ್ಕೆ ಮುಟ್ಟಿತು. ನೀರು ಆವಿಯಾದರೂ ಅದು ಹೋಗದು, ನೀರನ್ನೇ ಹೊರಹಾಕಬೇಕು. ನಮ್ಮಲ್ಲಿ ಇನ್ನೊಂದು ತೊಡಕುಂಟು. ಮುರಕಲ್ಲಿನ ನೆಲದ ಬಾವಿನೀರು ಮೊದಲೇ ಮೃದು, ಹಲವೆಡೆ ಆಮ್ಲಗುಣದ್ದು. ಅದಕ್ಕೆ ಆಮ್ಲಸ್ವಭಾವದ ಬಿಲ್ಲೆಯೂ ಸೇರಿದರೆ ಲೋಹದ ಕೊಳವೆಗಳು ಸವೆಯುವುವು, ಗಾರೆಯೂ ಕರಗುವುದು.

ಕ್ರಮವನ್ನು ಹೇಳುವೆನು. ಮೊದಲು ಬಿಲ್ಲೆಗಳನ್ನು ಅವುಗಳ ಪಾತ್ರೆಯಿಂದಲೂ ಜಾಲರಿಯಿಂದಲೂ ಒಂದು ಚೂರೂ ಉಳಿಯದಂತೆ ತೆಗೆಯಬೇಕು. ಮುಚ್ಚಿದ ಪಾತ್ರೆಯೊಳಗೆ ವಾಯು ನಿಂತಿರುವುದರಿಂದ, ಮುಖವನ್ನು ಓರೆಮಾಡಿ, ಗಾಳಿಯಾಡುವೆಡೆಯಲ್ಲಿ ತೆರೆಯತಕ್ಕುದು. ಆ ಪಾತ್ರೆಯನ್ನು ಎಷ್ಟು ತೊಳೆದರೂ ಹೊಸ ಮದ್ದಿಗೆ ಬಳಸಲೇಕೂಡದು. ಅಳತೆಯ ಲೋಟವೂ ಬಕೆಟೂ ಬೇರೆಯೇ ಆಗಬೇಕು. ಆಮೇಲೆ ನೀರನ್ನು ಪರೀಕ್ಷಿಸಿ, ಸಯನ್ಯೂರಿಕ್ ಆಮ್ಲವು ಎಷ್ಟಿದೆಯೆಂದು ತಿಳಿಯಬೇಕು. ಅದು 80 ಇದ್ದರೆ, ಅರ್ಧ ನೀರನ್ನು ತೆಗೆದು ಹೊಸ ನೀರನ್ನು ತುಂಬಿದಾಗ 40, ಮತ್ತೊಮ್ಮೆ ಹಾಗೆಯೇ ಮಾಡಿದಾಗ 20.

ಇಲ್ಲಿ ಕಾಲವಿಚಾರವು ಅವಶ್ಯ. ಹತ್ತು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳದಲ್ಲಿ 50,000 ಲೀಟರ್ ನೀರು ಹಿಡಿಯುವುದು. ಅದರ ಅರ್ಧವನ್ನು ಚೈತ್ರ ವೈಶಾಖಗಳಲ್ಲಿ ಚೆಲ್ಲುವುದು, ನೆರೆಮನೆಯ ಬಾವಿಯ ತಳ ಕಾಣುತ್ತಿರುವಾಗ, ನನಗೆ ಸರಿದೋರದು. ಆಷಾಢ ಶ್ರಾವಣಗಳಲ್ಲಿ ಬೇರೊಂದು ಭಯ: ನೆಲದೊಳಗಣ ನೀರು ಉಕ್ಕಿರುವಾಗ ಬರಿದಾದ ಕೊಳವು ಕೆಳಗಿನ ಒತ್ತಡದಿಂದ ಮೇಲಕ್ಕೆದ್ದು ಬಿರಿಯಬಹುದು. ಆದುದರಿಂದ ಬಾವಿ ತುಂಬಿ ಮಳೆ ನಿಂತ ಕಾರ್ತಿಕ ಮಾರ್ಗಶಿರಗಳೇ ಪ್ರಶಸ್ತ. ತೆಗೆದ ನೀರನ್ನು ಕ್ಲೋರಿನ್ ಇಳಿಯುವ ತನಕ ನಿಲ್ಲಿಸಿ ನೆಲಕ್ಕೆ ಇಂಗಿಸಬೇಕೇ ಹೊರತು ತೋಡಿಗೆ ಬಿಡಬಾರದು. ಬಂಟ್ವಾಳದ ತೋಡುಗಳು ನೇತ್ರಾವತಿಯನ್ನು ಸೇರುವುವು, ಮೀನುಗಳಿಗೆ ಅಲ್ಪ ಕ್ಲೋರಿನ್ನೂ ಮಾರಕ.

ಹೊಸ ನೀರಿನ ಪಿ.ಎಚ್. ಮಾನವನ್ನು 7.2ಕ್ಕೂ 7.8ಕ್ಕೂ ನಡುವೆ ತಂದು, ಆಮೇಲೆ ಹೊಸ ಮದ್ದನ್ನು ಹಾಕಬೇಕು. ಮೇಲೆ ಹೇಳಿದ ಕೊಳದಲ್ಲಿ ಲೀಟರಿಗೆ 1 ಮಿಲಿಗ್ರಾಂ ಏರಿಸುವುದಕ್ಕೆ 50 ಗ್ರಾಂ ಕ್ಲೋರಿನ್ ಬೇಕು. ಎಂದರೆ ಶೇಕಡಾ 65ರ ಹರಳುಪುಡಿ 77 ಗ್ರಾಂ, ಅಥವಾ ಶೇಕಡಾ 10ರ ದ್ರವ ಅರ್ಧ ಲೀಟರ್. ಬಕೆಟಿನಲ್ಲಿ ಮೊದಲು ನೀರು, ಆಮೇಲೆ ಪುಡಿ; ಪುಡಿಯ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಈ ಪೌರ್ವಾಪರ್ಯವನ್ನು ಬೆಳ್ತಂಗಡಿಯ ಅಡಕೆ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಕೂಡಿಸುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗುಮುರುಗಾಗಬಾರದೆಂಬ ನಿಯಮವನ್ನು ಅವರು ಬಲ್ಲರು. ಪಿ.ಎಚ್. ಇಳಿಸುವ ಆಮ್ಲವನ್ನು ಹೈಪೋಕ್ಲೋರೈಟಿನ ಹತ್ತಿರಕ್ಕೂ ತರಕೂಡದು. ಎರಡೂ ಕೂಡಿದರೆ ಡೇವಿಯು ಹೆಸರಿಟ್ಟ ಆ ವಾಯುವೇ ಎದ್ದು ಬರುವುದು. ಪಂಪು ತಿರುಗುತ್ತಿರಲಿ, ಕಿಟಕಿಗಳು ತೆರೆದಿರಲಿ, ನೀರಿನಲ್ಲಿ ಯಾರೂ ಇರದಿರಲಿ. ಬಾವಿನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕೊಳವು ಕಂದಾದೀತು. ಗಾಬರಿಯಿಂದ ಮತ್ತಷ್ಟು ಮದ್ದು ಸುರಿಯದೆ ಸೋಸಿ ತೆಗೆಯಬೇಕು.

ಬ್ರೋಮಿನ್ನಿಗೆ ಹೋಗುವವರಿಗೆ ಒಂದು ಮಾತು. ದುರ್ಗಂಧವೆಂಬ ಅರ್ಥದ ಗ್ರೀಕ್ ಪದವೇ ಅದರ ಹೆಸರಿನ ಮೂಲ. ಅದನ್ನು ಸೇರುವುದು ಸುಲಭ, ಹಿಂದಿರುಗುವುದು ಕಷ್ಟ: ನೀರಿನಲ್ಲಿ ಬ್ರೋಮೈಡ್ ಉಳಿದಿರುವಷ್ಟು ಕಾಲ, ಹಾಕಿದ ಕ್ಲೋರಿನ್ನು ಬ್ರೋಮಿನ್ನನ್ನೇ ಹುಟ್ಟಿಸುತ್ತಿರುವುದು.

ಮೂಗಿನಿಂದ ಕ್ಲೋರಿನ್ನನ್ನು ಅಳೆಯುವವರೂ ಉಂಟು. ಕೊಳದ ಮನೆಯಲ್ಲಿ ಹೊಡೆಯುವ ಘಾಟು ಬಹುಮಟ್ಟಿಗೆ ಕ್ಲೋರಮೈನಿನದು; ಬೆವರು ಮೂತ್ರಗಳೊಡನೆ ಕ್ಲೋರಿನ್ ಸೇರಿ ಆದದ್ದು. ಘಾಟು ಹೆಚ್ಚಾದರೆ ಮದ್ದು ಹೆಚ್ಚಾಯಿತೆಂಬ ಅನುಮಾನವು ಸವ್ಯಭಿಚಾರಹೇತುವಿನಿಂದ ಹುಟ್ಟಿದುದು. ಮದ್ದು ಸಾಲದಾದಾಗಲೂ ಹಾಗಾಗುವುದು. ಪರೀಕ್ಷೆಯೇ ಪ್ರಮಾಣ.

ನನ್ನ ವಿದ್ಯಾರ್ಥಿಯ ಮನೆಯಲ್ಲಿ ಅಂದೇ ಎರಡು ಡಬ್ಬಿಗಳಿಗೂ ಹೊಸ ಚೀಟಿಗಳನ್ನು ಬರೆದು ಅಂಟಿಸಿದೆನು: ಒಂದಕ್ಕೆ ‘ಬಿಲ್ಲೆ, ಹುಳಿಯ ಜಾತಿ’, ಇನ್ನೊಂದಕ್ಕೆ ‘ಪುಡಿ, ಸುಣ್ಣದ ಜಾತಿ’. ಬಿಲ್ಲೆಯ ಡಬ್ಬಿಯು ಆ ಹುಡುಗನ ಕೈಯಿಂದಲೇ ಹೊರಗಿನ ಒಣ ಕೊಟ್ಟಿಗೆಗೆ ಹೋಯಿತು.