ಕಥೋಲಿಕರು, ಪ್ರೊಟೆಸ್ಟೆಂಟರು ಮತ್ತು ಕನ್ನಡ: ಪರಸ್ಪರ ಕಲಿಕೆಯ ಕೆಲವು ನೆಲೆಗಳು

ಕನ್ನಡಕ್ಕೆ ಮಿಶನರಿಗಳ ಕೊಡುಗೆ ಎಂದಾಗ ನಮ್ಮ ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಪ್ರೊಟೆಸ್ಟೆಂಟರನ್ನೇ ಉದ್ದೇಶಿಸಿರುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು ಇವೆಲ್ಲ ತರಗತಿಗಳಲ್ಲಿ ನೆಲೆನಿಂತ ಹೆಸರುಗಳು. ಅದಕ್ಕೆ ಸುಮಾರು ಎರಡು ಶತಮಾನ ಮೊದಲೇ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಅಡಿಟಿಪ್ಪಣಿಯಲ್ಲೂ ಅಪರೂಪ. ಈ ಅಸಮತೋಲಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಒಂದು ಪರಂಪರೆ ಮುದ್ರಿತ ಗ್ರಂಥವನ್ನು ನಂಬಿತು. ಇನ್ನೊಂದು ಆಚರಣೆಯನ್ನು ನಂಬಿತು. ಸಂಶೋಧಕರ ಕೈಗೆ ಸಿಗುವುದು ಗ್ರಂಥ.

ಧರ್ಮವೊಂದು ಹೊಸ ಭಾಷೆಯನ್ನು ಹೇಗೆ ಪ್ರವೇಶಿಸಬೇಕು ಎಂಬ ಪ್ರಶ್ನೆಯಲ್ಲಿ ಈ ಎರಡು ಪರಂಪರೆಗಳೂ ಪರಸ್ಪರರಿಂದ ಕಲಿಯಬೇಕಾದುದು ಬಹಳವಿತ್ತು. ವಿಚಿತ್ರವೆಂದರೆ, ಆ ಪಾಠಗಳನ್ನು ಮೊದಲು ಹೇಳಿದವರು ಎದುರಾಳಿಗಳೇ.

ಅಬ್ಬೆ ದ್ಯುಬುವಾ 1792ರಿಂದ 1823ರವರೆಗೆ ಭಾರತದಲ್ಲಿದ್ದ ಫ್ರೆಂಚ್ ಕಥೋಲಿಕ ಪಾದ್ರಿ. ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದ ಅವರನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಬೈಬಲನ್ನು ದೇಶಭಾಷೆಗಳಿಗೆ ಅನುವಾದಿಸಿ ಹಂಚುವ ಪ್ರೊಟೆಸ್ಟೆಂಟ್ ಉತ್ಸಾಹವನ್ನು ಅವರು ಅಲ್ಲಿ ಕಟುವಾಗಿ ಟೀಕಿಸಿದರು. ಅವರು ಕೊಟ್ಟ ಒಂದು ನಿದರ್ಶನ ಸ್ವಾನುಭವದ್ದು. ದಾರಿತಪ್ಪಿದ ಮಗನ ಸಾಮತಿಯನ್ನು ವಿವರಿಸುವಾಗ, ಮಗ ಮರಳಿದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕಡಿಸಿದನೆಂದು ಅವರು ಹೇಳಿಬಿಟ್ಟರು. ಕೇಳಿದ ಕ್ರೈಸ್ತರೇ ಬೇಸರಗೊಂಡು, ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನುವುದು ಲೇಸೆಂದು ಸಲಹೆಯಿತ್ತರು. ಪದಕ್ಕೆ ಪದ ಸೇರಿಸಿದ ಮಾತ್ರಕ್ಕೆ ಅನುವಾದವಾಗದು, ಕೇಳುಗನ ಲೋಕವೂ ಅರ್ಥದ ಭಾಗ ಎಂಬ ಈ ತಿಳಿವಳಿಕೆ ಇಂದಿನ ಅನುವಾದ ಅಧ್ಯಯನಕ್ಕೂ ಹೊಸತಲ್ಲ. ಆದರೆ ದ್ಯುಬುವಾ ಅದರಿಂದ ಎಳೆದ ತೀರ್ಮಾನ ತಪ್ಪು. ಅನುವಾದ ಕೆಟ್ಟದ್ದಾದರೆ ತಿದ್ದಬೇಕು. ಗ್ರಂಥವನ್ನೇ ಓದುಗನಿಂದ ದೂರವಿಡುವುದು ಪರಿಹಾರವಲ್ಲ.

ಜೇಮ್ಸ್ ಹಫ್ 1824ರಲ್ಲೇ ದ್ಯುಬುವಾಗೆ ಪ್ರತ್ಯುತ್ತರ ಬರೆದರು. ನಿಜವಾದ ಉತ್ತರ ದೊರೆತದ್ದು ಮಾತ್ರ ಕೆಲಸದಲ್ಲಿ. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಸಂಪೂರ್ಣ ಕನ್ನಡ ಬೈಬಲು 1831ರಲ್ಲಿ ಮುಗಿಯಿತು. ಮುಂದಿನ ಪೀಳಿಗೆ ಅದರ ಕನ್ನಡದಿಂದ ತೃಪ್ತವಾಗದೆ ಪರಿಷ್ಕರಣೆಗೆ ತೊಡಗಿತು. ಮೋಗ್ಲಿಂಗ್ 1848ರಿಂದ 1853ರ ಅವಧಿಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದ್ದು, ಕಿಟೆಲ್ 1862ರಲ್ಲಿ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ ಎಂಬ ಹಾಡುವ ಪದ್ಯಕೃತಿಯಾಗಿ ರಚಿಸಿದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ. ಗ್ರಂಥವನ್ನೇ ನಂಬಿದವರು ಕಾವ್ಯದ ಲಯಕ್ಕೂ ಹಾಡಿಕೆಗೂ ಬಂದದ್ದು ಸಣ್ಣ ಬದಲಾವಣೆಯಲ್ಲ.

ಕಥೋಲಿಕರ ಕಲಿಕೆ ತಡವಾಗಿ, ಆದರೆ ಒಮ್ಮೆಗೇ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಗೆ ದೇಶಭಾಷೆಗಳ ಬಾಗಿಲು ತೆರೆಯಿತು. 1965ರಲ್ಲಿ ಧರ್ಮಗ್ರಂಥ ಎಲ್ಲ ವಿಶ್ವಾಸಿಗಳ ಕೈಗೂ ಸುಲಭವಾಗಿ ಸಿಗಬೇಕೆಂದಿತು, ಇತರ ಕ್ರೈಸ್ತರೊಡಗೂಡಿ ಅನುವಾದಿಸಲೂ ಸಮ್ಮತಿಸಿತು. ಇಂಥ ಜಂಟಿ ಅನುವಾದಕ್ಕೆ 1968ರಲ್ಲಿ ಮಾರ್ಗಸೂತ್ರಗಳು ಬಂದವು. ಲುಥರ್ 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿ ಆಗ ನಾಲ್ಕೂವರೆ ಶತಮಾನವಾಗುತ್ತ ಬಂದಿತ್ತು. ಲ್ಯಾಟಿನ್ ಹೋದ ಮೇಲೆ ಬರಬೇಕಾದ್ದು ಯಾವ ಭಾಷೆ ಎಂಬ ಪ್ರಶ್ನೆ ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ-ತಮಿಳು ವಿವಾದವಾಗಿ ಬೆಳೆದದ್ದು ಬೇರೆಯೇ ಅಧ್ಯಯನದ ವಸ್ತು.

ಬೈಬಲ್ ಸೊಸೈಟಿಯ ಎರಡು ಕನ್ನಡ ಅನುವಾದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಚರಿತ್ರೆ ಪದಗಳಲ್ಲೇ ಕಾಣುತ್ತದೆ. ಪ್ರೊಟೆಸ್ಟೆಂಟರಲ್ಲಿ ಬಳಕೆಯಲ್ಲಿರುವ ಹಳೆಯ ಅನುವಾದದಲ್ಲಿ ‘ಯೆಹೋವ’, ‘ಸುವಾರ್ತೆ’, ‘ಸಭೆ’. ಕಥೋಲಿಕರೂ ಬಳಸುವ ಆಡುಮಾತಿನ ಅನುವಾದದಲ್ಲಿ ‘ಸರ್ವೇಶ್ವರ’, ‘ಶುಭಸಂದೇಶ’, ‘ಧರ್ಮಸಭೆ’. ಸುವಾರ್ತೆಗೂ ಶುಭಸಂದೇಶಕ್ಕೂ ಹೆಚ್ಚಿನ ಅಂತರವಿಲ್ಲ. ‘ಸಭೆ’ ಎಂದರೆ ಸೇರಿದ ಜನ, ‘ಧರ್ಮಸಭೆ’ ಎಂದರೆ ಸಂಸ್ಥೆ. ಅಂತರ ಅಲ್ಲಿ ಶುರುವಾಗುತ್ತದೆ. ಆರಾಧನೆಯ ಪರಿಭಾಷೆಯಲ್ಲಿ ಕಥೋಲಿಕರ ‘ಬಲಿಪೂಜೆ’, ಪ್ರೊಟೆಸ್ಟೆಂಟರ ‘ಕರ್ತನ ಭೋಜನ’ ಎಂಬ ಸಮಾಸಗಳು ಹದಿನಾರನೆಯ ಶತಮಾನದ ಯುರೋಪಿನ ವಾಗ್ವಾದವನ್ನೇ ಕನ್ನಡದಲ್ಲಿ ಹೊತ್ತು ನಿಂತಿವೆ.

ಹೆಚ್ಚು ಸ್ವಾರಸ್ಯದ್ದು ದೇವರ ಹೆಸರು. ‘ಯೆಹೋವ’ ಎಂಬುದು ಹೀಬ್ರೂ ವ್ಯಂಜನಗಳಿಗೆ ಬೇರೊಂದು ಪದದ ಸ್ವರಗಳನ್ನು ಕೂಡಿಸಿ ಹುಟ್ಟಿದ ರೂಪವೆಂದು ವಿದ್ವಾಂಸರು ಒಪ್ಪುತ್ತಾರೆ. ಆದರೂ ಅದು ಅಂಕಿತನಾಮ: ಒಂದು ಜನಾಂಗದ, ಒಂದು ಚರಿತ್ರೆಯ ದೇವರನ್ನು ಅದು ಸೂಚಿಸುತ್ತದೆ. ‘ಸರ್ವೇಶ್ವರ’ದ ಬೇರು 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ದೆ ನೊಬಿಲಿಯ ಪರಂಪರೆಯಲ್ಲಿದೆ, ಅಲ್ಲಿಯ ತಮಿಳು ರೂಪ ‘ಸರ್ವೇಸುರನ್’. ಕನ್ನಡ ಕಿವಿಗೆ ಅದು ಪರಕೀಯವಲ್ಲ, ಶಿವನ ನೆನಪನ್ನೂ ತರುತ್ತದೆ. ಹೊರಗಿನ ಓದುಗನಾಗಿ ನನಗೆ ಅನಿಸುವುದಿಷ್ಟು: ಪರಕೀಯತೆಯನ್ನು ಉಳಿಸಿಕೊಳ್ಳುವ ಧೈರ್ಯವನ್ನು ಕಥೋಲಿಕರು ‘ಯೆಹೋವ’ದಿಂದಲೂ, ನೆಲದ ಮಾತಿಗೆ ಒಪ್ಪಿಸಿಕೊಳ್ಳುವ ಧೈರ್ಯವನ್ನು ಪ್ರೊಟೆಸ್ಟೆಂಟರು ‘ಸರ್ವೇಶ್ವರ’ದಿಂದಲೂ ಕಲಿಯಬಹುದು. ಎರಡರಲ್ಲೂ ಒಂದೊಂದು ನಷ್ಟವಿದೆ.

ಅಂದಹಾಗೆ, ಹಳೆಯ ಅನುವಾದದಲ್ಲಿ ದಾರಿತಪ್ಪಿದ ಮಗನಿಗಾಗಿ ಕಡಿಯುವುದು ಕರುವನ್ನೇ. ದ್ಯುಬುವಾಗೆ ಅವರ ಸಭಿಕರಿತ್ತ ಸಲಹೆಯನ್ನು ಅದು ಸ್ವೀಕರಿಸಲಿಲ್ಲ.