ತುದಿಗಾಲ ಮೇಲೆ ಒಂದು ಕ್ವಿಂಟಲ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಜಾತ್ರೆಗಳಲ್ಲಿ ಭಾರ ಎತ್ತುವ ಸ್ಪರ್ಧೆ ಇದ್ದರೆ ಮಂದಿ ಕಿಕ್ಕಿರಿದು ಸೇರುತ್ತಾರೆ. ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಉಸುಕಿನ ಚೀಲ ಒಂದಾದ ಮೇಲೊಂದು ಮೇಲೇಳುತ್ತವೆ. ಕ್ವಿಂಟಲ್ ತೂಕದ ಚೀಲ ಹೆಗಲಿಗೇರಿಸಿದ ಪೈಲ್ವಾನನಿಗೆ ಶಿಳ್ಳೆ, ಚಪ್ಪಾಳೆ. ಅದೇ ಊರಿನ ಮನೆಯಲ್ಲಿ 60 ಕಿಲೊ ತೂಕದ ಹೆಣ್ಣುಮಗಳು ಅಡುಗೆಕಟ್ಟೆ ಹಿಡಿದು ಒಂದೇ ಕಾಲಿನ ತುದಿಯಲ್ಲಿ ನಿಂತರೆ, ಅವಳ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ತಡೆದುಕೊಳ್ಳುವ ಎಳೆತ 120 ಕಿಲೊ ಭಾರಕ್ಕೂ ಹೆಚ್ಚು.

ಇದು ಸನ್ನೆಕೋಲಿನ ಲೆಕ್ಕ. ತುದಿಗಾಲಲ್ಲಿ ನಿಂತಾಗ ದೇಹದ ಭಾರವೆಲ್ಲ ಬೆರಳ ಬುಡದ ಮೇಲೆ ಬೀಳುತ್ತದೆ. ಅಲ್ಲಿಂದ ಕಣಕಾಲ ಕೀಲಿಗೆ ಇರುವ ದೂರ, ಕೀಲಿನಿಂದ ಹಿಮ್ಮಡಿಯ ರಜ್ಜುವಿಗಿರುವ ದೂರದ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಮೀನಖಂಡ ದೇಹತೂಕದ ಎರಡು ಪಟ್ಟಿಗೂ ಮಿಕ್ಕಿ ಎಳೆಯದೆ ಹಿಮ್ಮಡಿ ನೆಲ ಬಿಡುವುದಿಲ್ಲ. ಎರಡೂ ಕಾಲಲ್ಲಿ ನಿಂತರೆ ಭಾರ ಹಂಚಿಹೋಗುತ್ತದೆ; ಒಂದು ಕಾಲು ಎತ್ತಿದ ಕೂಡಲೇ ಇಮ್ಮಡಿ. ಡಂಬೆಲ್ಸ್ ಕೊಳ್ಳದೆ ಭಾರ ಹೆಚ್ಚಿಸಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮೀನಖಂಡ ಒಂದೇ ಸ್ನಾಯುವಲ್ಲ. ಹೊರಗೆ ಉಬ್ಬಿ ಕಾಣುವ ಗ್ಯಾಸ್ಟ್ರೊಕ್ನೀಮಿಯಸ್ ಮಂಡಿಯ ಮೇಲಿನಿಂದ ಹೊರಟು ಹಿಮ್ಮಡಿಗೆ ಸೇರುತ್ತದೆ. ಅದರಡಿ ಚಪ್ಪಟೆಯಾಗಿ ಹರಡಿಕೊಂಡ ಸೋಲಿಯಸ್ ಮಂಡಿಯ ಕೆಳಗೇ ಹುಟ್ಟುತ್ತದೆ. ಮಂಡಿ ನೆಟ್ಟಗಿಟ್ಟು ಹಿಮ್ಮಡಿ ಎತ್ತಿದರೆ ಎರಡೂ ದುಡಿಯುತ್ತವೆ. ಮಂಡಿ ಮಡಚಿದರೆ ಮೇಲಿನದು ಸಡಿಲಗೊಂಡು ಕೆಲಸದ ಹೆಚ್ಚು ಪಾಲು ಸೋಲಿಯಸ್ ಪಾಲಿಗೆ ಬರುತ್ತದೆ. ಸೋಲಿಯಸ್‌ನಲ್ಲಿ ಬೇಗ ದಣಿಯದ ನಿಧಾನಗತಿಯ ಎಳೆಗಳೇ ಹೆಚ್ಚು. ದಿನವಿಡೀ ನಿಲ್ಲುವುದಕ್ಕೂ ನಡೆಯುವುದಕ್ಕೂ ಅದೇ ಆಧಾರ. ಅದು ಬಿಗಿಯಾದಾಗಲೆಲ್ಲ ಕಾಲಿನ ಅಭಿಧಮನಿಗಳನ್ನು ಒತ್ತಿ ರಕ್ತವನ್ನು ಹೃದಯದ ಕಡೆ ತಳ್ಳುತ್ತದೆ. ಒಳಗಿನ ಕವಾಟಗಳು ಕೈಪಂಪಿನ ವಾಲ್ವಿನ ಹಾಗೆ, ಮೇಲೆ ಹೋದದ್ದನ್ನು ಕೆಳಗಿಳಿಯಲು ಬಿಡುವುದಿಲ್ಲ. ತಾಸುಗಟ್ಟಲೆ ಅಲುಗದೆ ನಿಲ್ಲುವವರ ಕಾಲಿಗೆ ಸಂಜೆ ಹೊತ್ತಿಗೆ ಬಾವು ಬರುವುದು ಈ ಪಂಪು ಸುಮ್ಮನಿದ್ದುದರಿಂದ.

ಮೀನಖಂಡದ ಈ ಯಂತ್ರವನ್ನು ದುಡಿಸಿಕೊಳ್ಳುವ ವ್ಯಾಯಾಮವೊಂದಿದೆ, ಹೆಸರು ‘ಬಾರ್’ (barre). ಜರ್ಮನಿಯ ಕೊಲೋನ್‌ನಲ್ಲಿ 1913ರಲ್ಲಿ ಹುಟ್ಟಿದ ನರ್ತಕಿ ಲೊಟ್ಟೆ ಬರ್ಕ್ ಯಹೂದಿ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಲಂಡನ್ ಸೇರಿದರು. ಬೆನ್ನಿಗೆ ಪೆಟ್ಟಾದ ಮೇಲೆ, ಬ್ಯಾಲೆ ನರ್ತಕಿಯರು ಗೋಡೆಯ ಅಡ್ಡಕೋಲು ಹಿಡಿದು ಮಾಡುವ ಅಭ್ಯಾಸಕ್ಕೆ ಚೇತರಿಕೆಯ ವ್ಯಾಯಾಮಗಳನ್ನು ಬೆರೆಸಿ, 1959ರಲ್ಲಿ ಅಲ್ಲಿ ತರಗತಿ ತೆರೆದರು. ಲಿಡಿಯಾ ಬಾಕ್ 1971ರಲ್ಲಿ ಅದನ್ನು ನ್ಯೂಯಾರ್ಕಿಗೆ ಒಯ್ದರು. ಈಗ ಅದು ಫೋನಿನ ವಿಡಿಯೊಗಳಲ್ಲಿದೆ, ಪಡಸಾಲೆಯಲ್ಲೇ ಮಾಡಬಹುದು. ಗರಡಿ ಮನೆಯ ದಂಡ, ಬೈಠಕ್ ಬಹುಮಟ್ಟಿಗೆ ಗಂಡಸರ ಪಾಲಾದ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಸಾವಿರಾರು ವಿಡಿಯೊಗಳಲ್ಲಿ ಯಾವುದನ್ನು ಆರಿಸುವುದು? ಹಲವು ವಿಡಿಯೊಗಳು ಕಾಲು ನಡುಗುವುದನ್ನೇ ದೊಡ್ಡ ಫಲವೆಂದು ತೋರಿಸುತ್ತವೆ. ಅದನ್ನು ನಂಬಬೇಕಿಲ್ಲ. ಸ್ನಾಯುವನ್ನು ಒಂದೇ ಭಂಗಿಯಲ್ಲಿ ಬಿಗಿಹಿಡಿದಾಗ ಮೆದುಳು ಮೊದಲು ಸಣ್ಣ ಎಳೆಗುಂಪುಗಳನ್ನು ಕೆಲಸಕ್ಕೆ ಕರೆಯುತ್ತದೆ. ಅವು ಸೋತಂತೆ ದೊಡ್ಡ ಗುಂಪುಗಳಿಗೆ ಕರೆ ಹೋಗುತ್ತದೆ. ಆಗ ಸಂದೇಶಗಳು ಸಮವಾಗಿ ಹರಡದೆ ಗುಂಪಾಗಿ ಬರುವುದರಿಂದ ಎಳೆತ ಜರ್ಕು ಹೊಡೆಯುತ್ತದೆ, ಕಾಲು ನಡುಗುತ್ತದೆ. ನಡುಕ ದಣಿವಿನ ಗುರುತು ಅಷ್ಟೇ, ಬಲ ಬಂದದ್ದರ ಗುರುತಲ್ಲ. ಬಲ ಬೆಳೆಯಬೇಕಾದರೆ ಭಾರ ಬೆಳೆಯುತ್ತ ಹೋಗಬೇಕು. ಜಾತ್ರೆಯಲ್ಲಿ ಕಲ್ಲೆತ್ತುವವರು ಹಗುರದಿಂದ ಭಾರಕ್ಕೆ ಏರುವುದು ಇದೇ ತತ್ವದ ಮೇಲೆ. ವರ್ಷಪೂರ್ತಿ ಅದೇ ಒಂದು ಕಿಲೊ ಡಂಬೆಲ್ಸ್, ಅದೇ ಎಣಿಕೆ ಇರುವ ವಿಡಿಯೊವನ್ನು ಬಿಡುವುದೇ ಒಳ್ಳೆಯದು. ಎರಡು ಕಾಲಿನಿಂದ ಒಂದು ಕಾಲಿಗೆ, ಕೈ ಆಸರೆಯಿಂದ ಬೆರಳ ಆಸರೆಗೆ ಹಂತಹಂತವಾಗಿ ಒಯ್ಯುವ ಸರಣಿ ಉತ್ತಮ.

ಕ್ಯಾಮೆರಾ ಎಲ್ಲಿದೆ ಎನ್ನುವುದೂ ಮುಖ್ಯ. ಮುಂದಿನಿಂದ ಮಾತ್ರ ತೋರಿಸಿದರೆ ಬೆನ್ನು ಬಾಗಿದೆಯೇ ಎಂಬುದು ಗೊತ್ತಾಗುವುದಿಲ್ಲ, ಪಕ್ಕದಿಂದಲೂ ತೋರಿಸಬೇಕು. ಪಾದವನ್ನು ಹೊರಮುಖ ಮಾಡುವ ಭಂಗಿಯಲ್ಲಿ ತಿರುವು ಸೊಂಟದ ಕೀಲಿನಿಂದ ಬರಬೇಕು, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಬಾಗಬೇಕು. ಇದನ್ನು ಬಾಯಿಬಿಟ್ಟು ಹೇಳದ ತರಬೇತುದಾರರ ವಿಡಿಯೊದಲ್ಲಿ ಮಂಡಿ ತಿರುಚಿಕೊಳ್ಳುವ ಅಪಾಯವಿದೆ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ಉಸಿರಾಟದ ಬಗ್ಗೆ ಮತ್ತೆ ಮತ್ತೆ ಎಚ್ಚರಿಸುವವರನ್ನೇ ಆರಿಸಿ. ಬಿಪಿ ಇದ್ದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ.

ಇನ್ನು ಮನೆ. ಇಲ್ಲಿಯ ಹಳೆಯ ಮನೆಗಳ ಫರಸಿ ನೆಲ ಗಟ್ಟಿ, ನುಣುಪು. ವಿಡಿಯೊದವರು ಹಾಕುವ ಕಾಲುಚೀಲಕ್ಕೆ ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುತ್ತವೆ. ಸಾದಾ ಕಾಲುಚೀಲದಲ್ಲಿ ಜಾರುವುದು ಖಂಡಿತ. ಬರಿಗಾಲೇ ಸರಿ. ಆಸರೆಗೆ ಪ್ಲಾಸ್ಟಿಕ್ ಕುರ್ಚಿ ಬೇಡ, ಮೈಭಾರ ಬಿದ್ದರೆ ಮಗುಚುತ್ತದೆ. ಸೊಂಟದೆತ್ತರದ ಅಡುಗೆಕಟ್ಟೆ ಅಥವಾ ಕಿಟಕಿಯ ಸರಳು ಸಾಕು. ಏಪ್ರಿಲ್‌, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ನಾಡಿದು. ಬೆಳಗಿನ ತಂಪಿನಲ್ಲಿ ಮುಗಿಸಿದರೆ ಲೇಸು.

ಬಾರ್ ವ್ಯಾಯಾಮವೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವೂ ಬೇಕು. 65 ದಾಟಿದವರಿಗೆ ವಾರದಲ್ಲಿ ಕನಿಷ್ಠ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಅದು ಸೂಚಿಸುತ್ತದೆ, ಬಿದ್ದು ಮೂಳೆ ಮುರಿದುಕೊಳ್ಳದಿರಲೆಂದು. ಆದ್ದರಿಂದ ವಿಡಿಯೊ ಹಚ್ಚಿದಾಗ ಮನೆಯ ಹಿರಿಯ ಹೆಂಗಸರನ್ನೂ ಕರೆಯಿರಿ. ಎರಡು ಕೈಯಿಂದ ಕಟ್ಟೆ ಭದ್ರವಾಗಿ ಹಿಡಿದು, ಎರಡೂ ಹಿಮ್ಮಡಿ ನಿಧಾನ ಎತ್ತಿ, ಅಷ್ಟೇ ನಿಧಾನ ಇಳಿಸಲಿ. ಕೀಲಿನಲ್ಲಿ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.